ಅಂಡಮಾನಿಗೆಂದು ಬಿಟ್ಟ ಬೆಳೆ

ಊಟಿಗೆ ಹೋಗಿ ಬಂದ ತಪ್ಪಿಗೆ ಹಾಲಿನ ಡೇರಿಯ ಕಾರ್ಯದರ್ಶಿ ರಂಗಸ್ವಾಮಿಯನ್ನು ಮುಳ್ಳೂರಿನ ಹೋಟೆಲಿನ ಬೆಂಚಿನ ಮೇಲೆ ಕೂರಿಸಿಕೊಂಡು ಎರಡು ವಾರ ಗೇಲಿ ಮಾಡಿದವನು ಶಾಂತಮೂರ್ತಿಯೇ. "ಚಳೀಲಿ ನಡುಗಕೆ ದುಡ್ಡು ಕೊಟ್ಟು ಓಗ್ಬುಟ್ ಬಂದವ್ನೆ ನೋಡ್ರಪ್ಪ. ಬೆಳಗಿನ ಮೊಬ್ಬಲ್ಲಿ ನಮ್ಮ ತೋಟಕ್ಕೆ ಬಂದಿದ್ರೆ ನಾನೇ ಬಿಟ್ಟಿ ನಡುಗುಸ್ತಿದ್ದೆ" ಎಂದು ಬೆಂಚನ್ನೆಲ್ಲ ನಗಿಸಿದ್ದ. ಕೊನೆಗೆ, "ಕೆಲ್ಸ ಇಲ್ದೋರು ಕಣ್ರಪ್ಪ ಟೂರ್ ಓಗೋದು" ಎಂದು ತೀರ್ಪು ಕೊಟ್ಟಿದ್ದ. ತೀರ್ಪು ಊರಿಗೆ ಬಾಯಿಪಾಠವಾಯಿತು. ಆದ್ದರಿಂದ ಅದೇ ಶಾಂತಮೂರ್ತಿ ಹೆಂಡತಿ ಕೋಮಲಳನ್ನು ಕರೆದುಕೊಂಡು ಅಂಡಮಾನಿಗೆ ಹೋಗುವುದೆಂದು ನಿಶ್ಚಯಿಸಿದಾಗ, ವಿಷಯವನ್ನು ಕೊಲೆ ಮಾಡಿದವನಷ್ಟೇ ಗುಟ್ಟಾಗಿ ಇಡಬೇಕಾಯಿತು.

ಅವನದು ರೇಷ್ಮೆ ಹುಳು ಸಾಕುವ ಮನೆ. ಅವನ ಬೀದಿಯ ಎಲ್ಲ ಮನೆಗಳೂ ಅಂಥವೇ. ಹುಳು ಚಾಕಿ ಕೇಂದ್ರದಿಂದ ಅಕ್ಕಿನುಚ್ಚಿನಷ್ಟಾಗಿ ಬರುತ್ತದೆ, ಹಗಲೂ ಇರುಳೂ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ, ಬೆರಳಿನಷ್ಟಾಗಿ ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಗೂಡು ಮಾರಿ ಮನೆ ತೊಳೆಯುವಷ್ಟರಲ್ಲಿ ಮುಂದಿನ ಚಾಕಿ, ಅಂದರೆ ಮರಿಹುಳು, ಬಾಗಿಲಲ್ಲಿ ನಿಂತಿರುತ್ತದೆ. ಹುಳುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ನೆಂಟರಿಲ್ಲ. ಹೀಗಾಗಿ ಗಂಡ ಹೆಂಡತಿ ಒಟ್ಟಿಗೆ ಊರು ಬಿಟ್ಟು ಒಂದು ರಾತ್ರಿ ಕಳೆದವರಲ್ಲ. ಮದುವೆಗಳಿಗೆ ಒಬ್ಬರು ಆರತಕ್ಷತೆಗೆ ಹೋದರೆ ಇನ್ನೊಬ್ಬರು ಮುಹೂರ್ತಕ್ಕೆ. ನೆಂಟರ ಆಲ್ಬಮ್ಮುಗಳನ್ನೆಲ್ಲ ತಿರುವಿ ಹಾಕಿದರೂ ಇವರಿಬ್ಬರೂ ಒಂದೇ ಫೋಟೋದಲ್ಲಿ ಸಿಗುವುದಿಲ್ಲ.

ಮದುವೆಯಾದ ಹೊಸತರಲ್ಲಿ ಕೋಮಲ ಒಮ್ಮೆ ಸಮುದ್ರ ನೋಡಬೇಕು ಅಂದಿದ್ದಳು. "ಈ ಬೆಳೆ ಆಗ್ಲಿ" ಅಂದಿದ್ದ ಅವನು. ಅಂದಿನಿಂದ ಬೆಳೆಗಳು ಆಗುತ್ತಲೇ ಇದ್ದವು. ಕೋಮಲ ಎರಡನೆಯ ಸಲ ಕೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಎದುರು ಮನೆಯ ಪುಷ್ಪ, ಕೋಮಲಳ ಓರಗೆಯವಳು, ಸೊಪ್ಪು ಕೊಯ್ಯುತ್ತಿದ್ದವಳು ತೋಟದಲ್ಲೇ ಕುಳಿತಳು. ಮತ್ತೆ ಏಳಲಿಲ್ಲ. ಶಾಂತಮೂರ್ತಿ ಮಣ್ಣು ಹಾಕಿ ಬಂದು, ಸ್ನಾನ ಮಾಡಿ, ಕೊಲ್ಲೇಗಾಲಕ್ಕೆ ಹೋಗಿ ಎರಡು ಟಿಕೆಟ್ ತೆಗೆಸಿದ. ಯಾಕೆಂದು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಟ್ರಾವೆಲ್ಸಿನವನು ಇಂಥ ಗಿರಾಕಿಯನ್ನು ಕಂಡಿರಲಿಲ್ಲ.

"ಇಪ್ಪತ್ತು ಜನದ ಗುಂಪು ಸಾರ್. ಕೊಲ್ಲೇಗಾಲದಿಂದ ಬಸ್ಸು, ಬೆಂಗಳೂರಿಂದ ವಿಮಾನ, ಅಲ್ಲಿಂದ ಹಡಗು. ಅಡುಗೆಯವರು ನಮ್ಮೋರೇ. ಪೂರ್ತಿ ಸಸ್ಯಾಹಾರ."

"ಮುದ್ದೆ ಸಿಕ್ತದಾ?"

"ಹಡಗಿನ ಮೇಲೆ ಸಿಗಲ್ಲ. ದಡಕ್ಕೆ ಇಳಿದ ಮೇಲೆ ನೋಡೋಣ. ಒಂದು ವಿಷಯ ಸಾರ್, ಟಿಕೆಟ್ ದಿನ ಬದಲಾಯಿಸಂಗಿಲ್ಲ, ಹೆಸರು ಬದಲಾಯಿಸಂಗಿಲ್ಲ, ವಾಪಸ್ಸೂ ಇಲ್ಲ. ಒಂದು ದಿನ ನೀರೊಳಗೆ ಮುಖ ಇಟ್ಟು ಮೀನು ನೋಡಿಸ್ತಾರೆ. ಕಣ್ಣಿಗೆ ಗಾಜು, ಉಸಿರಾಡೋಕೆ ಪೈಪು. ಅಲ್ಲೇ ಬಾಡಿಗೆಗೆ ಕೊಡ್ತಾರೆ."

"ಪೈಪು ಬಾಯಲ್ಲಿ ಕಚ್ಕೋಬೇಕಾ?"

"ಹೂಂ."

"ನಮ್ಗಿಂತ ಮುಂಚೆ ಅದನ್ನ ಯಾರು ಕಚ್ಚಿರ್ತಾರೆ?"

ಟ್ರಾವೆಲ್ಸಿನವನು ಇದನ್ನು ಯೋಚಿಸಿರಲಿಲ್ಲ. "ಯಾರಾದ್ರೂ ಕಚ್ಚಿರ್ತಾರೆ ಸಾರ್. ದೇಶ ವಿದೇಶದಿಂದ ಬರ್ತಾರೆ."

ದೇಶ ವಿದೇಶದವರ ಎಂಜಲನ್ನು ಬಾಯಿಗಿಡುವುದು ಶಾಂತಮೂರ್ತಿಯ ವಂಶದಲ್ಲಿ ನಡೆದುಬಂದ ಪದ್ಧತಿಯಲ್ಲ. ಸ್ವಂತಕ್ಕೆ ಎರಡು ತರಿಸಿದ. ಕೊರಿಯರ್ ಹುಡುಗ ಡಬ್ಬಿ ಕೊಟ್ಟು ಹೋದಾಗ ಬೀದಿಯ ಕಿಟಕಿಗಳೆಲ್ಲ ನೋಡಿದವು.

ಕೋಮಲ ಟಿಕೆಟ್ಟಿನಲ್ಲಿ ತನ್ನ ಹೆಸರನ್ನು ಓದಿದಳು. ನಿಜವೇ ಎಂದೂ ಕೇಳಲಿಲ್ಲ. ಮಾರನೆಯ ದಿನ ಅಟ್ಟದ ಮೇಲಿನ ಸೂಟ್‌ಕೇಸನ್ನು ಇಳಿಸಿ ಅಂಗಳದ ಬಿಸಿಲಿಗೆ ಇಟ್ಟಳು. ಶಾಂತಮೂರ್ತಿ ಓಡಿ ಬಂದು ಅದನ್ನು ಒಳಗೆ ಎಳೆದುಕೊಂಡ.

"ಜನ ನೋಡ್ತಾರೆ ಕಣೆ."

"ಸೂಟ್‌ಕೇಸ್ ನೋಡಿದ್ರೆ ಏನ್ರಿ?"

"ರಂಗಸ್ವಾಮಿ ನೋಡ್ತಾನೆ."

ಸಮಸ್ಯೆ ಇದ್ದದ್ದು ಸೂಟ್‌ಕೇಸಿನಲ್ಲಿ ಅಲ್ಲ, ಹುಳುವಿನಲ್ಲಿ. ಹೋಗಬೇಕಾದರೆ ಈ ಸಲದ ಚಾಕಿ ತರುವಂತಿರಲಿಲ್ಲ. ಬೀದಿಯಲ್ಲಿ ಎಲ್ಲರ ಮನೆಗೂ ಹುಳು ಬಂದು ಇವನ ಮನೆಗೆ ಬಾರದಿದ್ದರೆ ಕೇಳುವವರು ಕೇಳುತ್ತಾರೆ. ಕೇಳಿದರು. ಶಾಂತಮೂರ್ತಿ ಸುಳ್ಳಿಗೆ ಹೊಸಬ. ಡೇರಿಯಲ್ಲಿ ರಂಗಸ್ವಾಮಿ ಕೇಳಿದಾಗ ಹುಳುಮನೆಯ ಚಾವಣಿ ಸೋರುತ್ತದೆ ಅಂದ. ಮಳೆಗಾಲ ಮುಗಿದು ಯಾವ ಕಾಲವಾಗಿತ್ತು. ಪಕ್ಕದ ಮನೆಯ ಪುಟ್ಟಮಲ್ಲಪ್ಪನಿಗೆ ಸೊಪ್ಪು ಎಳೆಯದು ಅಂದ. ಪುಟ್ಟಮಲ್ಲಪ್ಪ ದಿನವೂ ಆ ಸೊಪ್ಪಿನ ಬದುವಿನ ಮೇಲೇ ನಡೆಯುವವನು. ಹೋಟೆಲಿನವನಿಗೆ ಕೋಮಲಳಿಗೆ ಸೊಂಟ ನೋವು ಅಂದ. ಅದೇ ಹೊತ್ತಿಗೆ ಕೋಮಲ ತಲೆಯ ಮೇಲೆ ಹಸುವಿನ ಹುಲ್ಲಿನ ಹೊರೆ ಹೊತ್ತು ಹೋಟೆಲಿನ ಮುಂದೆ ಹಾದುಹೋದಳು. ಹೀಗೆ ಮೂರು ಕಾರಣಗಳು ಮೂರು ದಾರಿಯಲ್ಲಿ ಹೊರಟು ಸಂಜೆಗೆ ಒಂದೇ ಬೆಂಚಿನ ಮೇಲೆ ಭೇಟಿಯಾದವು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಶಾಂತಮೂರ್ತಿ ಅಚ್ಚುಕಟ್ಟಿನ ಮನುಷ್ಯ. ಬರುವಷ್ಟರಲ್ಲಿ ಹುಳುಮನೆ ಶುದ್ಧವಾಗಿರಲಿ ಎಂದು ಬ್ಲೀಚಿಂಗ್ ಪೌಡರ್ ಹಾಕಿ ಎರಡೆರಡು ಸಲ ತೊಳೆದ. ಮುರಿದ ಹಳೆಯ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಹಿತ್ತಲಲ್ಲಿ ಹಾಕಿ ಸುಟ್ಟ. ಆಮೇಲೆ ಒಂದು ಮಧ್ಯಾಹ್ನ ಹುಳುಮನೆಯ ಬಾಗಿಲು ಹಾಕಿಕೊಂಡು, ನೀರು ತುಂಬಿದ ಕೊಳಗದ ಮುಂದೆ ಮಂಡಿಯೂರಿ, ಗಾಜು ಕಟ್ಟಿಕೊಂಡು, ಪೈಪು ಕಚ್ಚಿಕೊಂಡು, ಮೀನು ನೋಡುವ ಅಭ್ಯಾಸಕ್ಕೆ ತೊಡಗಿದ.

ಹೊಗೆ ಎಲ್ಲಿಂದ ಬಂತೆಂದು ವಿಚಾರಿಸಿಕೊಂಡು ಬಂದ ಪುಟ್ಟಮಲ್ಲಪ್ಪ ಕಿಟಕಿಯಲ್ಲಿ ಇಣುಕಿದ. ಪುಟ್ಟಮಲ್ಲಪ್ಪ ಅಂದರೆ ಬೀದಿಗೆ ಹಿರಿಯ. ಹುಳುವಿನ ಮುಖ ನೋಡಿ ಅದರ ಹೊಟ್ಟೆಯೊಳಗಿನದನ್ನು ಹೇಳುತ್ತೇನೆ ಎನ್ನುವವನು. ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಗೆ ಕಟ್ಟಿದ್ದ ಪರದೆಯ ಹಿಂದೆ ಅವನಿಗೆ ಕಂಡದ್ದಿಷ್ಟು: ಮುಖಕ್ಕೆ ಗಾಜು, ಬಾಯಿಂದ ತಲೆಯ ಮೇಲಕ್ಕೆ ಎದ್ದ ಕೊಳವೆ, ಸುತ್ತ ಬ್ಲೀಚಿಂಗಿನ ಘಾಟು. ಅವನು ಶಬ್ದ ಮಾಡದೆ ಹಿಂದೆ ಸರಿದ. ಮನೆಗೆ ಹೋಗಿ ಕಾಲು ತೊಳೆದ. ಆಮೇಲೆ ಹೋಟೆಲಿಗೆ ಹೋದ.

"ಮಿಷಿನ್ ಆಕಂಡವ್ನೆ ಕಣ್ರಲಾ," ಅಂದ. "ಮೊಕಕ್ಕೆ. ನಾನೂ ಐವತ್ತು ವರ್ಷದಿಂದ ಔಷಧಿ ಒಡೀತಿವ್ನಿ, ಟವಲ್ ಕಟ್ಕಂಡು ಒಡೆದಿವ್ನಿ. ಮಿಷಿನ್ ಆಕಬೇಕಾದ್ರೆ ಅದು ಎಂಥಾ ಔಷಧಿ ಇರ್ಬೇಕು. ಅಂಥಾ ಔಷಧಿ ಒಡೀಬೇಕಾದ್ರೆ ಅದು ಎಂಥಾ ಕಾಯಿಲೆ ಇರ್ಬೇಕು."

"ಚಂದ್ರಿಕೆ ಬೇರೆ ಸುಟ್ಟವ್ನೆ," ಅಂದ ಹೋಟೆಲಿನವನು.

"ಉಳ ಬೇರೆ ತಂದಿಲ್ಲ," ಅಂದ ರಂಗಸ್ವಾಮಿ.

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರೇಷ್ಮೆಯವರು ಬಾಯಿಬಿಟ್ಟು ಹೇಳದ ಕಾಯಿಲೆ ಒಂದೇ, ಗಂಟುರೋಗ. ಬಂದ ಮನೆಯ ಹುಳು ಸಾಯುವುದಲ್ಲದೆ ಸೊಪ್ಪಿನ ಜೊತೆ, ಕಾಲಿನ ಧೂಳಿನ ಜೊತೆ ಅದು ಬೀದಿಗೆಲ್ಲ ನಡೆದುಹೋಗುತ್ತದೆ. ಬಂದವರು ಮುಚ್ಚಿಡುತ್ತಾರೆ. ಆದ್ದರಿಂದ ಏನನ್ನಾದರೂ ಮುಚ್ಚಿಡುವವರ ಮನೆಗೆ ಅದು ಬಂದಿರುತ್ತದೆ. ಈ ತರ್ಕದಲ್ಲಿ ತಪ್ಪು ಹುಡುಕಲು ಮುಳ್ಳೂರಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹುಳು ಹಸಿದಿತ್ತು.

ಮರುದಿನ ಬೆಳಿಗ್ಗೆ ಶಾಂತಮೂರ್ತಿಯ ಮನೆಯ ಮುಂದೆ ಒಂದು ಗೆರೆ ಬಿದ್ದಿತ್ತು. ಸುಣ್ಣದ ಪುಡಿಯದು. ಪುಟ್ಟಮಲ್ಲಪ್ಪನೇ ಎಳೆದದ್ದು, ಬಹಳ ನೇರವಾಗಿ ಎಳೆದಿದ್ದ. ಡೇರಿಯಲ್ಲಿ ಇವನ ಹಾಲಿನ ಕ್ಯಾನು ಬೇರೆ ನಿಂತಿತು. ಹುಳುವಿಗೂ ಹಾಲಿಗೂ ಏನು ಸಂಬಂಧ ಎಂದು ಇವನು ಕೇಳಿದಾಗ ರಂಗಸ್ವಾಮಿ, "ಸಂಬಂಧ ಇಲ್ಲ ಅಂತ್ಲೂ ಏಳಕ್ಕಾಗಲ್ವಲ್ಲಣ್ಣ" ಅಂದ.

ಮೂರನೆಯ ದಿನ ಯಳಂದೂರಿನಿಂದ ಅವನ ಅಕ್ಕ ಶಿವರತ್ನಮ್ಮ ಬಂದಳು. ಅವಳ ಗಂಡನ ಮನೆಯಲ್ಲೂ ಹುಳು. ಗೆರೆಯ ಆಚೆಗೇ ನಿಂತು ಅಳಲು ಶುರುಮಾಡಿದಳು.

"ನನ್ ತಮ್ಮನ ಮನೆಗೆ ಇಂಥಾದ್ದು ಬಂತಲ್ಲಪ್ಪ ಮಾದಪ್ಪ ದೇವ್ರೇ."

"ಒಳಗ್ ಬಾರಕ್ಕ, ಏನೂ ಬಂದಿಲ್ಲ."

"ಬರಕ್ಕಾಗಲ್ಲ ಕಣೋ. ನಮ್ಮನೆ ಉಳ ಮೂರನೇ ಜ್ವರದಲ್ಲವೆ, ಪೊರೆ ಬುಡ್ತಾವೆ. ನಿಮ್ಮ ಭಾವ ಇಲ್ಲಿಂದ್ಲೇ ನೋಡ್ಕಂಡು ಬಾ ಅಂದವ್ರೆ." ಕೈಯಲ್ಲಿದ್ದ ಒಬ್ಬಟ್ಟಿನ ಡಬ್ಬಿಯನ್ನು ಗೆರೆಯ ಮೇಲೆ ಇಟ್ಟು ಕಾಲಿನಿಂದ ಒಳಗೆ ತಳ್ಳಿದಳು. "ಡಬ್ಬಿ ವಾಪಸ್ ಬ್ಯಾಡ."

ಅಕ್ಕನ ಡಬ್ಬಿ ನೋಡಿದ ಮೇಲೆ ಶಾಂತಮೂರ್ತಿಗೆ ತಡೆಯಲಾಗಲಿಲ್ಲ. ನೇರವಾಗಿ ಹೋಟೆಲಿಗೆ ಹೋಗಿ, ಬೆಂಚಿನವರೆಲ್ಲ ಎದ್ದು ನಿಂತು ದೂರ ಸರಿಯುವಷ್ಟರಲ್ಲಿ, ನಿಜ ಹೇಳಿಬಿಟ್ಟ.

"ನಾನೂ ಕೋಮಲಾನೂ ಅಂಡಮಾನಿಗೆ ಓಯ್ತಿದ್ದೀವಿ. ಟೂರು. ಅದ್ಕೇ ಉಳ ಬುಟ್ಟೆ."

ಎಲ್ಲರ ಮುಖದಲ್ಲೂ ಕನಿಕರವಿತ್ತು.

"ಯಾವ ಅಂಡಮಾನು?" ಅಂದ ಪುಟ್ಟಮಲ್ಲಪ್ಪ. "ಬ್ರಿಟಿಷ್ನೋರು ಕೊಲೆಗಾರ್ರನ್ನ ಕಳುಸ್ತಿದ್ರಲ್ಲ, ಅದಾ?"

"ಊಂ ದೊಡ್ಡಪ್ಪ. ಅದೇ."

"ಅಲ್ಲಿಗೆ ದುಡ್ಡು ಕೊಟ್ಟು ಓಯ್ತೀಯ?"

"ಊಂ."

"ಎಂಡ್ರನ್ನೂ ಕರ್ಕಂಡು?"

ರಂಗಸ್ವಾಮಿ ಲೋಟ ಕೆಳಗಿಟ್ಟ. ಈ ದಿನಕ್ಕಾಗಿ ಅವನು ಕಾಯ್ದಿರಲಿಲ್ಲ, ಆದರೆ ಬಂದದ್ದನ್ನು ಬಿಡುವವನೂ ಅಲ್ಲ. "ಕೆಲ್ಸ ಇಲ್ದೋರು ಟೂರ್ ಓಗೋದು ಅಂತ ಅಂದಿದ್ದು ಇದೇ ಬಾಯಲ್ವಾಣ್ಣ? ಊಟಿಗೇ ಓಗ್ಬಾರ್ದು ಅಂದೋರು ಸಮುದ್ರ ದಾಟ್ತೀರಾ? ಬುಡಿ. ಕಾಯಿಲೆ ಬಂದಿದ್ರೆ ಬಂತು ಅನ್ನಿ. ಸುಳ್ಳು ಯಾಕೆ ಏಳ್ತೀರಿ."

ಶಾಂತಮೂರ್ತಿ ಟಿಕೆಟ್ಟಿನ ಕಾಗದ ತೆಗೆದು ತೋರಿಸಿದ. ಬ್ಲೀಚಿಂಗ್ ಹಾಕಿದ ಮನೆಯಿಂದ ಬಂದ ಕಾಗದವೆಂದು ಯಾರೂ ಮುಟ್ಟಲಿಲ್ಲ. ಚಾವಣಿ, ಸೊಪ್ಪು, ಸೊಂಟದ ಪಕ್ಕದಲ್ಲಿ ಅಂಡಮಾನನ್ನೂ ಸೇರಿಸಿಕೊಂಡು ಊರು ಅದನ್ನು ನಾಲ್ಕನೆಯ ಸುಳ್ಳೆಂದು ದಾಖಲು ಮಾಡಿಕೊಂಡಿತು.

ಸುದ್ದಿ ಕೊಲ್ಲೇಗಾಲಕ್ಕೆ ಹೋಯಿತು. ರೇಷ್ಮೆ ಇಲಾಖೆಯ ಅಧಿಕಾರಿ ಗೋವಿಂದಯ್ಯ ಮೋಟಾರ್ ಬೈಕಿನಲ್ಲಿ ಬಂದರು. ಗೆರೆಯ ಬಳಿ ಬೂಟುಗಳನ್ನು ಸುಣ್ಣಕ್ಕೆ ಒತ್ತಿ ಒಳಗೆ ಹೆಜ್ಜೆ ಇಟ್ಟರು. ಬೀದಿಯೆಲ್ಲ ಗೆರೆಯ ಆಚೆ ನಿಂತಿತು.

"ಎಲ್ರಿ ಹುಳ? ತೋರಿಸಿ, ಪರೀಕ್ಷೆ ಮಾಡ್ತೀನಿ."

"ಉಳ ಇಲ್ಲ ಸಾ. ತಂದಿಲ್ಲ."

"ಮತ್ತೆ ರೋಗ ಇಲ್ಲ ಅಂತ ಹೇಗೆ ಹೇಳ್ತೀರಿ?"

"ಉಳವೇ ಇಲ್ವಲ್ಲ ಸಾ. ರೋಗ ಯಾವುದಕ್ಕೆ ಬತ್ತದೆ?"

ಗೋವಿಂದಯ್ಯ ತಾಳ್ಮೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಶಾಂತಮೂರ್ತಿಯವ್ರೆ. ರೋಗ ಇಲ್ಲ ಅಂತ ನಾನು ಬರೀಬೇಕಾದ್ರೆ ರೋಗ ಇಲ್ಲದ ಹುಳ ಬೇಕು. ಇಲ್ಲದ ಹುಳಕ್ಕೆ ಇಲ್ಲದ ರೋಗ ಅಂತ ಬರೆದ್ರೆ ಮೇಲಿನೋರು ನನ್ನನ್ನ ಇಲ್ಲ ಅನ್ನಿಸ್ತಾರೆ." ಅಷ್ಟರಲ್ಲಿ ಅವರ ಕಣ್ಣು ಮೊಳೆಗೆ ತೂಗುಹಾಕಿದ್ದ ಗಾಜು ಮತ್ತು ಪೈಪಿನ ಮೇಲೆ ಬಿತ್ತು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದೇನಾ ಅದು?"

"ಮೀನು ನೋಡೋ ಪೈಪು ಸಾ."

"ಮುಳ್ಳೂರಲ್ಲಿ ಯಾವ ಮೀನು?"

"ಇಲ್ಲಲ್ಲ ಸಾ, ಅಂಡಮಾನಲ್ಲಿ."

ಗೋವಿಂದಯ್ಯ ಗೆರೆಯ ಆಚೆಯವರನ್ನು ನೋಡಿದರು. ಆಚೆಯವರು ತಲೆ ಆಡಿಸಿದರು. "ಒಳ್ಳೇ ಮಾಲು," ಅಂದರು ಗೋವಿಂದಯ್ಯ ಮೆಲ್ಲಗೆ. "ನಾವೇ ಮುಖಕ್ಕೆ ಕರ್ಚೀಫು ಕಟ್ಕೊಂಡು ಔಷಧಿ ಹೊಡೀತೀವಿ. ಎಲ್ಲಿ ಸಿಕ್ತು ಅಂತ ಆಮೇಲೆ ಹೇಳಿ."

ಹೋಗುವ ಮುಂಚೆ ದಾರಿ ಒಂದನ್ನು ಹೇಳಿದರು. ಅನುಮಾನ ಇರುವವರೆಗೆ ಈ ಬೀದಿಯ ಯಾರಿಗೂ ಮುಂದಿನ ಚಾಕಿ ಕೊಡಬೇಡಿ ಎಂದು ಹನೂರು ರಸ್ತೆಯ ಚಾಕಿ ಕೇಂದ್ರಕ್ಕೆ ತಿಳಿಸಬೇಕಾಗುತ್ತದೆ. ಹಾಗಾಗಬಾರದೆಂದರೆ ಶಾಂತಮೂರ್ತಿ ಈಗಲೇ ಒಂದು ಬೆಳೆ ತೆಗೆಯಲಿ. ಇದೇ ಮನೆಯಲ್ಲಿ ಹುಳು ಆರೋಗ್ಯವಾಗಿ ಹಣ್ಣಾದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ.

ಬೈಕು ತಿರುವು ದಾಟುವುದನ್ನು ಬೀದಿ ನಿಂತು ನೋಡಿತು. ಆಮೇಲೆ ಪುಟ್ಟಮಲ್ಲಪ್ಪ ಗೆರೆಯ ಹತ್ತಿರ ಬಂದು ನಿಂತ. ಅವನ ದನಿ ಇಳಿದಿತ್ತು. "ನೀನು ಉಳ ತಂದ್ರೆ ಎಲ್ರೂ ಉಳ್ಕಂಡ್ವಿ ಕಣ್ಲಾ ಶಾಂತ. ತರ್ದೆ ಇದ್ರೆ ನಮ್ಮೆಲ್ರ ಸೊಪ್ಪು ಗಿಡದಲ್ಲೇ ಒಣಗ್ತದೆ. ಟೂರ್ ಗೀರು ಅಂತ ಆಟ ಆಡ್ಬ್ಯಾಡ."

ಗುಂಪು ಹೊರಡುವುದಕ್ಕೆ ಎರಡು ವಾರವಿತ್ತು. ಹುಳು ಹಣ್ಣಾಗುವುದಕ್ಕೆ ಅದಕ್ಕಿಂತ ಮೂರ್ನಾಲ್ಕು ದಿನ ಹೆಚ್ಚು ಬೇಕು. ಶಾಂತಮೂರ್ತಿ ಇದನ್ನು ಮೇಲಿಂದ ಕೂಡಿಸಿದ, ಕೆಳಗಿಂದ ಕೂಡಿಸಿದ. ಆ ಕೊನೆಯ ದಿನಗಳಲ್ಲಿ ಹುಳುವನ್ನು ಬೇರೆಯವರಿಗೆ ಒಪ್ಪಿಸಿ ಹೋಗೋಣವೆಂದರೆ ಗೆರೆ ದಾಟಿ ಬರುವ ನರಪ್ರಾಣಿ ಇರಲಿಲ್ಲ. ಹನೂರು ರಸ್ತೆಗೆ ಹೋಗಿ ಚಾಕಿ ತಂದ. ಹುಳುಮನೆಯಲ್ಲಿ ಕುಳಿತು ಕೋಮಲ ಸೊಪ್ಪು ಕತ್ತರಿಸುತ್ತಿದ್ದಳು.

"ಮುಂದಿನ ವರ್ಷ ಓಗನ ಕಣೆ," ಅಂದ. "ಟಿಕೆಟ್ ಓದ್ರೆ ಓಗ್ಲಿ."

ಕೋಮಲಳ ಕತ್ತಿ ನಿಲ್ಲಲಿಲ್ಲ. "ನೀವು ಮುಂದಿನ ವರ್ಷ ಬನ್ನಿ."

"ಎಲ್ಲಿಗೆ?"

"ಅಲ್ಲಿಗೇ. ನಾನು ಈ ವರ್ಷ ಓಗಿರ್ತೀನಿ."

ಕೋಮಲ ತಮಾಷೆ ಮಾಡಿದ್ದನ್ನು ಶಾಂತಮೂರ್ತಿ ಈವರೆಗೆ ಕಂಡಿರಲಿಲ್ಲ. ಹಾಗಾಗಿ ತಮಾಷೆ ಎಂದರೆ ಹೀಗೇ ಇರುತ್ತದೇನೋ ಎಂದು ಸ್ವಲ್ಪ ನಕ್ಕ. ಅವಳು ನಗಲಿಲ್ಲ.

"ಒಬ್ಳೇನಾ?"

"ಪುಷ್ಪ ಒಬ್ಳೇ ಓಗ್ಲಿಲ್ವಾ."

ಅವನು ಎದ್ದು ಹೋಗಿ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿದ. ಹೊದಿಸಿದ್ದನ್ನು ತೆಗೆದು ಮತ್ತೆ ಹೊದಿಸಿದ.

ಅವಳು ಹೊರಡುವ ದಿನ ಹುಳು ನಾಲ್ಕನೆಯ ಜ್ವರ ಕಳೆದು ದೊಡ್ಡ ಹಸಿವಿನಲ್ಲಿತ್ತು. ಶಾಂತಮೂರ್ತಿ ಬೆಳಿಗ್ಗೆಯ ಸೊಪ್ಪು ಹಾಕಿ ಅವಳನ್ನು ಬೈಕಿನಲ್ಲಿ ಕೊಲ್ಲೇಗಾಲಕ್ಕೆ ಬಿಟ್ಟ. ಗುಂಪಿನಲ್ಲಿ ನಿವೃತ್ತ ಮೇಷ್ಟರುಗಳೂ ಅವರ ಹೆಂಡತಿಯರೂ ಇದ್ದರು. ಟ್ರಾವೆಲ್ಸಿನವನು ಪಟ್ಟಿ ಹಿಡಿದು ಹೆಸರು ಕೂಗಿದ. "ಶಾಂತಮೂರ್ತಿ." ಶಾಂತಮೂರ್ತಿ ಅಭ್ಯಾಸಬಲದಿಂದ ಹೂಂ ಎಂದು, ಆಮೇಲೆ ಇಲ್ಲ ಅಂದ. ಕೋಮಲ ಬಸ್ಸು ಹತ್ತಿ ಕಿಟಕಿಯ ಪಕ್ಕದಲ್ಲಿ ಕುಳಿತಳು. ಪಕ್ಕದ ಸೀಟಿನ ಮೇಲೆ ಸೂಟ್‌ಕೇಸು ಇಟ್ಟುಕೊಂಡಳು. ಬಸ್ಸು ಹೊರಡುವವರೆಗೆ ನಿಲ್ಲಬೇಕೆಂದು ಅವನಿಗಿತ್ತು. ಸೊಪ್ಪಿನ ಹೊತ್ತಾಗಿತ್ತು.

ಆಮೇಲಿನ ದಿನಗಳನ್ನು ವಿವರಿಸುವಂಥದ್ದೇನಿಲ್ಲ. ಇಬ್ಬರ ಕೆಲಸವನ್ನು ಒಬ್ಬ ಮಾಡಿದ. ಅವಳು ಫೋನು ಮಾಡಿದಾಗ ಅವನ ಕೈಯಲ್ಲಿ ಸೊಪ್ಪಿರುತ್ತಿತ್ತು. ಇವನು ಮಾಡಿದಾಗ ಅವಳು ಹಡಗಿನಲ್ಲಿರುತ್ತಿದ್ದಳು. ಗೆರೆಯ ಆಚೆಯಿಂದ ಪುಟ್ಟಮಲ್ಲಪ್ಪ ದಿನವೂ, "ಕೋಮಲವ್ವ ತವರಿಗೆ ಓದ್ಲಾ?" ಎಂದು ಕೇಳುತ್ತಿದ್ದ. "ಅಂಡಮಾನಿಗೆ" ಎಂದು ಇವನು ಹೇಳುತ್ತಿದ್ದ. "ಔದಾ, ಬೇಜಾರು ಮಾಡ್ಕಬ್ಯಾಡ, ಬತ್ತಾಳೆ" ಎಂದು ಅವನು ಸಮಾಧಾನ ಹೇಳಿ ಹೋಗುತ್ತಿದ್ದ.

ಹುಳು ಒಂದೇ ಸಲ ಹಣ್ಣಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆಗಳ ತುಂಬ ಗಾಜಿನಂತೆ ಹೊಳೆಯುತ್ತ, ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಆಡಿಸುತ್ತಿದ್ದವು. ಹಣ್ಣಾದ ಹುಳುವನ್ನು ಆ ಹೊತ್ತಿನಲ್ಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಎಲ್ಲ ಹಾಳು. ಶಾಂತಮೂರ್ತಿಗೆ ಇದ್ದದ್ದು ಎರಡು ಕೈ.

ಪುಟ್ಟಮಲ್ಲಪ್ಪ ಕಿಟಕಿಯ ಪರದೆಗೆ ಮುಖ ಒತ್ತಿ ನೋಡಿದ. ಆಮೇಲೆ ಬಾಗಿಲಿಗೆ ಬಂದ. ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದ. ಅವನ ಕಣ್ಣು ಒದ್ದೆಯಾಯಿತು.

"ಚಿನ್ನದಂಗವೆ ಕಣ್ಲಾ. ಒಂದು ಗಂಟಿಲ್ಲ, ಒಂದು ಮಚ್ಚೆಯಿಲ್ಲ." ಹೊರಗೆ ತಿರುಗಿ ಕೂಗಿದ. "ಬರ್ರಲಾ ಎಲ್ರೂ. ಕೈ ಆಕ್ರಿ."

ಬೀದಿ ಗೆರೆಯನ್ನು ತುಳಿದುಕೊಂಡು ಒಳಗೆ ಬಂತು. ರಂಗಸ್ವಾಮಿ ಬಂದ, ಹೋಟೆಲಿನವನು ಬಂದ, ಹೆಂಗಸರು ಸೆರಗು ಸಿಕ್ಕಿಸಿಕೊಂಡು ತಟ್ಟೆಗಳ ಮುಂದೆ ಕುಳಿತರು. ತಿಂಗಳಿಂದ ಮಾತಾಡದವರು ಹುಳುವನ್ನು ಹೊಗಳಿದರು. ಕ್ಷಮೆಯನ್ನು ಯಾರೂ ಕೇಳಲಿಲ್ಲ. ಹುಳುವಿನ ಹೊತ್ತಿನಲ್ಲಿ ಅದಕ್ಕೆಲ್ಲ ಬಿಡುವಿರುವುದಿಲ್ಲ.

ಅಷ್ಟರಲ್ಲಿ ಶಾಂತಮೂರ್ತಿಯ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನ ಎರಡೂ ಕೈಯ ತುಂಬ ಹಣ್ಣು ಹುಳು. ಪಕ್ಕದಲ್ಲಿದ್ದ ಪುಟ್ಟಮಲ್ಲಪ್ಪ ಜೇಬಿಗೆ ಕೈಹಾಕಿ ಫೋನು ತೆಗೆದು, ರಂಗಸ್ವಾಮಿಯಿಂದ ಒತ್ತಿಸಿಕೊಂಡು, ಮುಖದ ಮುಂದೆ ಹಿಡಿದ. ವಿಡಿಯೋ ಕಾಲು. ಅವನ ಬಾಯಿ ತೆರೆಯಿತು, ಹಾಗೇ ಉಳಿಯಿತು.

"ಮಾವ," ಅಂದಿತು ಕೋಮಲಳ ದನಿ. ಅದರ ಹಿಂದೆ ಏನೋ ಮೊರೆಯುತ್ತಿತ್ತು. "ಅವ್ರಿಗೆ ತೋರ್ಸಿ ಮಾವ."

"ತೋರುಸ್ತೀನಿ ಇರವ್ವ. ನೀನು ಸ್ವಲ್ಪ ಆ ಕಡೀಕೆ ತಿರುಗ್ಸು. ಯಪ್ಪಾ. ಲೇ ರಂಗ, ನೋಡ್ಲಾ ಇಲ್ಲಿ."

ರಂಗಸ್ವಾಮಿ ನೋಡಿದ. ಹೋಟೆಲಿನವನು ಅವನ ಹೆಗಲ ಮೇಲಿಂದ ನೋಡಿದ. ಹೆಂಗಸರು ಎದ್ದು ಬಂದರು. ಬೀದಿಯೇ ಫೋನಿನ ಮುಂದೆ ಒತ್ತೊತ್ತಾಗಿ ನಿಂತಿತು.

"ಇದು ಪೂರ್ತಿ ನೀರೇನವ್ವಾ? ಆಚೆ ದಡ ಎಲ್ಲದೆ?"

"ಆಚೆ ದಡ ಇಲ್ಲ ಮಾವ."

"ದಡ ಇಲ್ದೆ ಎಂಗೆ ನಿಂತದೆ?"

"ಊಟಿ ಕೆರೆ ಏನೂ ಅಲ್ಲ ಬುಡಿ ಇದ್ರ ಮುಂದೆ," ಅಂದ ರಂಗಸ್ವಾಮಿ. ಅವನ ದನಿಯಲ್ಲಿ ಸೋತವನ ನೆಮ್ಮದಿಯಿತ್ತು.

ಶಾಂತಮೂರ್ತಿ ಕುಳಿತಲ್ಲಿಂದ ಕಂಡದ್ದು ಫೋನಿನ ಬೆನ್ನು, ಅದನ್ನು ಹಿಡಿದ ಪುಟ್ಟಮಲ್ಲಪ್ಪನ ಬೆರಳು, ಮತ್ತು ಎಲ್ಲರ ಮುಖದ ಮೇಲೆ ಬಿದ್ದಿದ್ದ ಒಂದು ಬೆಳಕು. ಅವನು ಎರಡು ಸಲ ಕತ್ತು ಚಾಚಿದ. ಕೈಯಲ್ಲಿದ್ದ ಹುಳು ಬೆರಳುಗಳ ನಡುವೆ ನೂಲು ಬಿಡಲು ಶುರುಮಾಡಿತ್ತು. ಬಗ್ಗಿ ಚಂದ್ರಿಕೆಗೆ ಬಿಟ್ಟ, ಇನ್ನೊಂದು ಹಿಡಿ ಆಯ್ದ.

"ರೀ," ಅಂದಳು ಕೋಮಲ. "ಕಾಣ್ತದಾ?"

"ಕಾಣ್ತದೆ."

"ಯಾವ ಬಣ್ಣ ಅದೆ ಏಳಿ."

ಶಾಂತಮೂರ್ತಿ ಎಲ್ಲರ ಮುಖ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

"ನೀಲಿ."

"ಉಳ ಎಂಗವೆ?" ಅಂದಳು ಕೋಮಲ.

"ಚೆನ್ನಾಗವೆ."

ಕರೆ ನಿಂತಿತು. ಪುಟ್ಟಮಲ್ಲಪ್ಪ ಕಪ್ಪಾದ ಫೋನನ್ನು ಇನ್ನೂ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಅದನ್ನು ಒರೆಸಿ ಶಾಂತಮೂರ್ತಿಯ ಜೇಬಿಗೆ ಹಾಕಿದ.

"ಯಾವ ಬಣ್ಣ ಇತ್ತು ದೊಡ್ಡಪ್ಪ?"

ಪುಟ್ಟಮಲ್ಲಪ್ಪ ಬಹಳ ಹೊತ್ತು ಯೋಚಿಸಿದ.

"ಆ ಬಣ್ಣಕ್ಕೆ ನಮ್ಮಲ್ಲಿ ಎಸ್ರಿಲ್ಲ ಕಣ್ಲಾ," ಅಂದ ಕೊನೆಗೆ. "ನೀನು ಉಳ ಆಯ್ಕೊ."